ಅರಿವನ್ನು ಒಪ್ಪಿಸುವ ಮೊದಲು

ಆಪರೇಷನ್ನಿಗೆ ದಿನ ಗೊತ್ತಾದ ಮನೆಯಲ್ಲಿ ಸರ್ಜನ್ ಯಾರು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಅವರ ಕೈಗುಣ ಹೇಗೆ, ಅವರ ಹತ್ತಿರ ಹೋಗಿ ಬಂದವರು ಏನೆನ್ನುತ್ತಾರೆ ಎಂಬ ವಿಚಾರಣೆಯೂ ಮುಗಿದಿರುತ್ತದೆ. ಆದರೆ ಆ ಒಂದೆರಡು ಗಂಟೆ ರೋಗಿಯ ಉಸಿರು, ರಕ್ತದೊತ್ತಡ, ಎದೆಬಡಿತಗಳನ್ನು ಕಾಯುವ ಇನ್ನೊಬ್ಬ ವೈದ್ಯರ ಹೆಸರು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅವರು ‘ಮತ್ತು ಕೊಡೋ ಡಾಕ್ಟ್ರು’, ಅಷ್ಟೇ. ಅವರ ಕೆಲಸಕ್ಕೂ ಅದರದೇ ಆದ ಅಪಾಯವಿದೆ, ಅದು ಸರ್ಜನ್ನರ ಚಾಕುವಿನ ಅಪಾಯಕ್ಕಿಂತ ಬೇರೆ. ಅದನ್ನು ರೋಗಿಗೆ ಮುಂಚೆಯೇ ಹೇಳಬೇಕೆ, ಎಷ್ಟು ಹೇಳಬೇಕು ಎಂಬುದನ್ನು ನಾವು ಆಸ್ಪತ್ರೆಯ ಆಡಳಿತಕ್ಕೋ ವಕೀಲರಿಗೋ ಬಿಟ್ಟುಬಿಟ್ಟಿದ್ದೇವೆ. ನನಗೆ ಅದು ಧರ್ಮದ ಪ್ರಶ್ನೆಯಾಗಿ ಕಾಣುತ್ತದೆ. ಬೇರೆ ಚಿಕಿತ್ಸೆಗಳಲ್ಲಿ ರೋಗಿ ದೇಹವನ್ನು ಒಪ್ಪಿಸಿದರೂ ‘ಸಾಕು, ನಿಲ್ಲಿಸಿ’ ಎನ್ನುವ ಶಕ್ತಿಯನ್ನು ತನ್ನ ಬಳಿಯೇ ಇಟ್ಟುಕೊಂಡಿರುತ್ತಾನೆ. ಪೂರ್ಣ ಅರಿವಳಿಕೆಯಲ್ಲಿ ಆ ಶಕ್ತಿಯನ್ನೇ ಇನ್ನೊಬ್ಬರ ಕೈಗೆ ಕೊಡುತ್ತಾನೆ. ಅವನು ಅಲ್ಲಿ ಇಲ್ಲದ ಹೊತ್ತಿನಲ್ಲಿ ಅವನ ಇಚ್ಛೆಯನ್ನು ಹಿಡಿದಿಡುವುದಕ್ಕೆ ಇರುವುದು ಅದಕ್ಕೆ ಮುಂಚೆ ನಡೆದ ಮಾತುಕತೆ ಒಂದೇ. ಆ ಮಾತುಕತೆ ನಡೆಯದಿದ್ದರೆ ಅವನು ಒಪ್ಪಿಸಿದ್ದು ತನ್ನನ್ನಲ್ಲ, ತನ್ನ ದೇಹವನ್ನು ಮಾತ್ರ ಎಂಬುದು ನನ್ನ ವಾದ.

ಅರಿವಳಿಕೆ ಯಾವ ರೋಗವನ್ನೂ ಗುಣಪಡಿಸುವುದಿಲ್ಲ ಎಂಬ ಸರಳ ಸಂಗತಿಯಿಂದ ಹೊರಡೋಣ. ಒಡೆಯುವಂತಾದ ಅಪೆಂಡಿಕ್ಸನ್ನು ತೆಗೆಯುವಾಗ ಸರ್ಜನ್ ತರುವ ಅಪಾಯವನ್ನು ರೋಗದ ಅಪಾಯದೊಂದಿಗೆ ತೂಗಿ ನೋಡಬಹುದು. ಅರಿವಳಿಕೆಯ ಅಪಾಯ ರೋಗದಿಂದ ಹುಟ್ಟಿದ್ದಲ್ಲ, ಹೊರಗಿನಿಂದ ತಂದು ಸೇರಿಸಿದ್ದು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಜನರೆದುರು ತೋರಿಸಿದ. ಮರುವರ್ಷ ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಅದಾಗಿ ಮೂರು ತಿಂಗಳೂ ತುಂಬಿರಲಿಲ್ಲ, 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹದಿನೈದು ವರ್ಷದ ಹುಡುಗಿಯೊಬ್ಬಳು ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಅವಳಿಗೆ ಆಗಬೇಕಿದ್ದದ್ದು ಕಾಲುಬೆರಳ ಉಗುರು ತೆಗೆಯುವ ಕೆಲಸ. ಉಗುರಿನಿಂದ ಯಾರೂ ಸಾಯುವುದಿಲ್ಲ. ಎಚ್ಚರಿಸಲೆಂದು ಬಾಯಿಗೆ ಹೊಯ್ದ ನೀರು, ಬ್ರಾಂಡಿಗಳೇ ಅವಳ ಉಸಿರು ಕಟ್ಟಿಸಿದವು ಎಂದು ಸಿಂಪ್ಸನ್ ಕ್ಲೋರೋಫಾರ್ಮಿನ ಪರವಾಗಿ ವಾದಿಸಿದ. ಕ್ಲೋರೋಫಾರ್ಮೇ ಕಾರಣವೆಂದು ವೈದ್ಯ ಜಾನ್ ಸ್ನೋ ಹೇಳಿದ. ಅದೇ ಕಾಲದಲ್ಲಿ ಸಿಂಪ್ಸನ್ ಇನ್ನೊಂದು ಜಗಳದಲ್ಲೂ ಇದ್ದ. ಹೆರಿಗೆಯ ನೋವು ಹವ್ವಳಿಗೆ ದೇವರು ಕೊಟ್ಟ ಶಾಪ, ಅದನ್ನು ಕಳೆಯುವುದು ಪಾಪ ಎನ್ನುವವರಿಗೆ ಅವನು ಬೈಬಲ್ಲಿನಿಂದಲೇ ಉತ್ತರ ಕೊಟ್ಟ: ಪಕ್ಕೆಲುಬು ತೆಗೆಯುವ ಮುನ್ನ ದೇವರೇ ಆದಾಮನಿಗೆ ಗಾಢನಿದ್ರೆ ಬರಿಸಲಿಲ್ಲವೆ? ಉತ್ತರ ಚುರುಕಾಗಿದೆ. ಆದಾಮನನ್ನು ಯಾರೂ ಕೇಳಿರಲಿಲ್ಲ ಎಂಬುದು ಮಾತ್ರ ಆ ಜಗಳದಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ನೋವು ತೆಗೆಯುವುದು ಸರಿಯೆ ಎಂದು ಧರ್ಮಶಾಸ್ತ್ರ ಬಲ್ಲವರು ಚರ್ಚಿಸಿದರು. 1853ರಲ್ಲಿ ವಿಕ್ಟೋರಿಯಾ ರಾಣಿ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಆ ಚರ್ಚೆಯ ಕಾವು ಇಳಿಯಿತು. ನೋವಿನ ಜೊತೆಗೆ ಇನ್ನೇನನ್ನು ಒತ್ತೆ ಇಡುತ್ತಿದ್ದೇನೆಂದು ರೋಗಿಗೆ ತಿಳಿದಿರಬೇಕೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ನಮ್ಮ ತತ್ತ್ವಶಾಸ್ತ್ರ ಈ ಪ್ರಶ್ನೆಗೆ ನೇರವಾದ ಉತ್ತರ ಕೊಡದಿದ್ದರೂ ಉತ್ತರಕ್ಕೆ ಬೇಕಾದ ಒಂದು ಭೇದವನ್ನು ಕೊಟ್ಟಿದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಕನಸು, ಗಾಢನಿದ್ರೆಗಳ ವಿಚಾರ ನಡೆದು ಹತ್ತನೆಯ ಸೂತ್ರಕ್ಕೆ ಬಂದಾಗ ಮೂರ್ಛೆ ಎದುರಾಗುತ್ತದೆ. ಅದನ್ನು ಯಾವ ಗುಂಪಿಗೆ ಸೇರಿಸುವುದು? ಶಂಕರರು ಭಾಷ್ಯದಲ್ಲಿ ವೈದ್ಯರಂತೆಯೇ ಲಕ್ಷಣಗಳನ್ನು ನೋಡುತ್ತಾ ಹೋಗುತ್ತಾರೆ. ಮೂರ್ಛೆ ಹೋದವನಿಗೆ ಹೊರಗಿನ ವಸ್ತುಗಳ ತಿಳಿವಿಲ್ಲ, ಆದ್ದರಿಂದ ಎಚ್ಚರವಲ್ಲ. ಒಳಗೂ ಏನೂ ತೋರುತ್ತಿಲ್ಲ, ಆದ್ದರಿಂದ ಕನಸಲ್ಲ. ಉಸಿರು, ಬಿಸಿ ಇವೆ, ಆದ್ದರಿಂದ ಸಾವಲ್ಲ. ಹಾಗಾದರೆ ನಿದ್ದೆಯೆ? ಮಲಗಿದವನ ಮುಖ ಪ್ರಸನ್ನವಾಗಿರುತ್ತದೆ, ಉಸಿರು ಸಮನಾಗಿರುತ್ತದೆ, ಕೈಯಿಂದ ತಟ್ಟಿದರೆ ಏಳುತ್ತಾನೆ. ಮೂರ್ಛೆ ಹೋದವನು ದೊಣ್ಣೆಯಿಂದ ಹೊಡೆದರೂ ಏಳುವುದಿಲ್ಲ. ಕಾರಣವೂ ಬೇರೆ: ನಿದ್ದೆ ಬರುವುದು ದಣಿವಿನಿಂದ, ಮೂರ್ಛೆ ಬರುವುದು ಒನಕೆಯ ಪೆಟ್ಟಿನಂಥದರಿಂದ. ಕೊನೆಗೆ ಅವರು ಅದನ್ನು ಅರ್ಧಕ್ಕೆ ನಿಂತ ಸುಷುಪ್ತಿ ಎಂದು ಗುರುತಿಸಿ, ಅದು ಸಾವಿನ ಬಾಗಿಲೂ ಹೌದು ಎನ್ನುತ್ತಾರೆ. ಕರ್ಮ ಉಳಿದಿದ್ದರೆ ಮಾತೂ ಮನಸ್ಸೂ ಹಿಂತಿರುಗುತ್ತವೆ, ಉಳಿದಿಲ್ಲವಾದರೆ ಉಸಿರೂ ಬಿಸಿಯೂ ಹೊರಟುಹೋಗುತ್ತವೆ. ಹನ್ನೆರಡು ಶತಮಾನಗಳ ನಂತರ, 2010ರಲ್ಲಿ, ಅರಿವಳಿಕೆ ತಜ್ಞ ಎಮರಿ ಬ್ರೌನ್ ಮತ್ತು ಅವರ ಸಂಗಡಿಗರು ಮಿದುಳಿನ ವಿದ್ಯುತ್ ಅಲೆಗಳನ್ನು ಮುಂದಿಟ್ಟುಕೊಂಡು ಹೆಚ್ಚುಕಡಿಮೆ ಇದೇ ಮಾತಿಗೆ ಬಂದರು: ಪೂರ್ಣ ಅರಿವಳಿಕೆ ನಿದ್ದೆಗಿಂತ ಕೋಮಾಕ್ಕೆ ಹತ್ತಿರ, ಅದು ಔಷಧದಿಂದ ಬರಿಸಿ ಔಷಧ ಇಳಿದಾಗ ಕಳೆಯುವ ಕೋಮಾ. ನಿದ್ದೆಯಲ್ಲಿರುವವನ ಕಾವಲು ಅವನೇ. ಸೊಳ್ಳೆ ಕಚ್ಚಿದರೆ ಕೈ ಆಡುತ್ತದೆ, ಮಗು ಕೊಸರಾಡಿದರೆ ತಾಯಿಗೆ ಎಚ್ಚರವಾಗುತ್ತದೆ, ಗಂಟಲಿಗೆ ಎಂಜಲು ಇಳಿದರೆ ಕೆಮ್ಮು ಬರುತ್ತದೆ. ಅರಿವಳಿಕೆ ಈ ಕಾವಲುಗಾರನನ್ನೇ ಹೊರಗೆ ಕಳಿಸುತ್ತದೆ. ‘ಸ್ವಲ್ಪ ಹೊತ್ತು ನಿದ್ದೆ ಬರುತ್ತೆ, ಅಷ್ಟೇ’ ಎಂಬ ಸಮಾಧಾನ ಒಳ್ಳೆಯ ಮನಸ್ಸಿನಿಂದ ಬಂದದ್ದೇ. ಆದರೆ ರೋಗಿ ನಿಜವಾಗಿ ಏನನ್ನು ಬಿಟ್ಟುಕೊಡುತ್ತಿದ್ದಾನೆ ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ.

ಇಲ್ಲಿ ವೇದಾಂತ ಓದಿದವರೊಬ್ಬರು ತಡೆಯಬಹುದು. ಸಾಕ್ಷಿಯಾದ ಆತ್ಮಕ್ಕೆ ಅರಿವಳಿಕೆಯೂ ಇಲ್ಲ, ಅಪಾಯವೂ ಇಲ್ಲ, ಹೋಗಿಬರುವುದು ದೇಹದ ವ್ಯವಹಾರ, ಅದಕ್ಕೇಕೆ ಇಷ್ಟು ಗದ್ದಲ? ಸರಿ, ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವನು ಸಾಕ್ಷಿಯಲ್ಲ. ಸಾಲ ತೀರಿಸಬೇಕಾದ, ಮಗಳ ಮದುವೆ ಮಾಡಬೇಕಾದ, ಹಾಡುವುದೇ ಬದುಕಾಗಿರುವ ಜೀವ ಅದು. ಶಂಕರರೂ ವ್ಯವಹಾರದಲ್ಲಿ ಕರ್ತವ್ಯಗಳನ್ನು ಅಳಿಸಿಹಾಕಲಿಲ್ಲ. ಒನಕೆಯ ಪೆಟ್ಟು ತಿಂದವನ ಕರ್ಮ ಉಳಿದಿತ್ತೋ ಇಲ್ಲವೋ ಎಂಬುದು ಬೇರೆ, ಒನಕೆ ಹಿಡಿದವನ ಹೊಣೆ ಬೇರೆ.

ಅರಿವು ತಪ್ಪಿರುವವನ ಇಚ್ಛೆ ಅರಿವಿನ ಜೊತೆಗೆ ಆರಿಹೋಗುವುದಿಲ್ಲ ಎಂಬುದನ್ನು ನ್ಯಾಯಾಲಯಗಳು ಗಟ್ಟಿಯಾಗಿ ಹೇಳಿವೆ. ಅಪಘಾತದಲ್ಲಿ ಪ್ರಜ್ಞೆ ಕಳೆದುಕೊಂಡ ಯೆಹೋವನ ಸಾಕ್ಷಿಗಳ ಪಂಥದ ಮಹಿಳೆಯ ಪರ್ಸಿನಲ್ಲಿ ತನಗೆ ರಕ್ತ ಕೊಡಕೂಡದೆಂಬ ಚೀಟಿ ಇತ್ತು. ವೈದ್ಯರು ಪ್ರಾಣ ಉಳಿಸಲೆಂದೇ ರಕ್ತ ಕೊಟ್ಟರು, ಆಕೆ ಬದುಕಿಕೊಂಡರು. ಹಾಗಿದ್ದೂ 1990ರಲ್ಲಿ ಕೆನಡಾದ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಅದನ್ನು ಆಕೆಯ ದೇಹದ ಮೇಲೆ ನಡೆದ ಅತಿಕ್ರಮವೆಂದೇ ಎಣಿಸಿತು. ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣ ಇನ್ನೂ ಹತ್ತಿರದ್ದು. 1995ರಲ್ಲಿ ದೆಹಲಿಯಲ್ಲಿ ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರಿಗೆ ಕಾಯಿಲೆ ಏನೆಂದು ನೋಡುವ ಲ್ಯಾಪರಾಸ್ಕೋಪಿಗೆ ಪೂರ್ಣ ಅರಿವಳಿಕೆ ಕೊಡಲಾಯಿತು. ಅವರು ಮೇಜಿನ ಮೇಲೆ ಅರಿವಿಲ್ಲದೆ ಮಲಗಿದ್ದಾಗ ಹೊರಗೆ ಕೂತಿದ್ದ ವಯಸ್ಸಾದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. 2008ರ ಜನವರಿ 16ರ ತೀರ್ಪನ್ನು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ವೈದ್ಯರ ಉದ್ದೇಶ ಕೆಟ್ಟದ್ದಿರಲಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ರೋಗಿ ಪ್ರಾಯಕ್ಕೆ ಬಂದವರು, ಅರಿವು ತಪ್ಪಿದ್ದು ತಾತ್ಕಾಲಿಕವಾಗಿ. ಅವರು ಏಳುವವರೆಗೆ ಕಾಯಬೇಕಿತ್ತು. ತಾಯಿಯ ಒಪ್ಪಿಗೆ ಒಪ್ಪಿಗೆಯಾಗದು. ನಮ್ಮ ಕುಟುಂಬಗಳಿಗೆ ಈ ತೀರ್ಪು ಕೊಂಚ ಕಹಿ. ‘ಅಮ್ಮನಿಗೆ ಏನೂ ಹೇಳಬೇಡಿ ಡಾಕ್ಟ್ರೇ, ನಮಗೆ ಹೇಳಿ, ನಾವು ಸಹಿ ಹಾಕ್ತೀವಿ’ ಎನ್ನುವುದು ಪ್ರೀತಿಯ ಮಾತೇ ತಾನೆ? ಪ್ರೀತಿಯದ್ದೇ. ಆದರೆ ಆ ಪ್ರೀತಿ ಅಮ್ಮ ಎಚ್ಚರವಾಗಿರುವಾಗಲೇ ಅವರನ್ನು ಅರಿವು ತಪ್ಪಿದವರ ಸಾಲಿಗೆ ಸೇರಿಸಿಬಿಡುತ್ತದೆ.

ಅದೇ ತೀರ್ಪಿನ ಇನ್ನೊಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ದೂರದ, ಕೇವಲ ಊಹೆಗೆ ನಿಲುಕುವ ಅಪಾಯಗಳನ್ನು ವೈದ್ಯರು ವಿವರಿಸಬೇಕಿಲ್ಲ, ಅವು ರೋಗಿಯನ್ನು ಹೆದರಿಸಿ ಬೇಕಾದ ಚಿಕಿತ್ಸೆಯನ್ನೇ ನಿರಾಕರಿಸುವಂತೆ ಮಾಡಬಹುದು ಎಂದು ಅದು ಹೇಳುತ್ತದೆ. ಅರಿವಳಿಕೆಯ ಮಟ್ಟಿಗೆ ಈ ರಿಯಾಯಿತಿ ಬಾಗಿಲನ್ನೇ ಮುಚ್ಚಿದಂತೆ, ಏಕೆಂದರೆ ಅದರ ಗಂಭೀರ ಅಪಾಯಗಳೆಲ್ಲವೂ ಈಗ ದೂರದವೇ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2012ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಅರಿವಳಿಕೆಯೊಂದರಿಂದಲೇ ಆಗುವ ಸಾವು 1970ಕ್ಕೂ ಮುಂಚೆ ಹತ್ತು ಲಕ್ಷಕ್ಕೆ 357 ಇದ್ದದ್ದು 1990ರ ನಂತರದ ದಶಕಗಳಲ್ಲಿ 34ಕ್ಕೆ ಇಳಿದಿದೆ. ಇದು ವೈದ್ಯಕೀಯದ ದೊಡ್ಡ ಸಾಧನೆಗಳಲ್ಲಿ ಒಂದು, ಅದನ್ನೂ ರೋಗಿಗೆ ಹೇಳಬೇಕು. ಆದರೆ ಅಂಕಿ ಚಿಕ್ಕದಾದ ಮಾತ್ರಕ್ಕೆ ಸಂಗತಿ ಚಿಕ್ಕದಾಗುವುದಿಲ್ಲ. ಆಸ್ಟ್ರೇಲಿಯಾದ ಹೈಕೋರ್ಟ್ 1992ರಲ್ಲಿ ತೀರ್ಮಾನಿಸಿದ ಪ್ರಕರಣವನ್ನು ನೋಡಿ. ಒಂದು ಕಣ್ಣು ಹೆಚ್ಚುಕಡಿಮೆ ಕುರುಡಾಗಿದ್ದ ಮಹಿಳೆ ಆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುಂಚೆ ತನ್ನ ಒಳ್ಳೆಯ ಕಣ್ಣಿಗೆ ಏನೂ ಆಗಬಾರದೆಂಬ ಕಳವಳದಿಂದ ಮತ್ತೆ ಮತ್ತೆ ವಿಚಾರಿಸಿದ್ದರು. ಆ ಕಣ್ಣಿಗೂ ಹಾನಿಯಾಗುವ ಸಂಭವ 14,000ಕ್ಕೆ ಒಂದು, ಸರ್ಜನ್ ಅದನ್ನು ಹೇಳಲಿಲ್ಲ. ಅದೇ ಆಯಿತು, ಎರಡೂ ಕಣ್ಣು ಹೋದವು. ಹೇಳದಿದ್ದದ್ದು ನಿರ್ಲಕ್ಷ್ಯವೆಂದು ನ್ಯಾಯಾಲಯ ತೀರ್ಮಾನಿಸಿತು. ಒಂದು ಅಪಾಯದ ತೂಕ ಅದರ ಸಂಖ್ಯೆಯಲ್ಲಿ ಎಷ್ಟಿದೆಯೋ ಅದನ್ನು ಹೊರುವವರ ಬದುಕಿನಲ್ಲೂ ಅಷ್ಟೇ ಇದೆ. ಉಸಿರಿನ ಕೊಳವೆ ಹಾಕುವಾಗ ಹಲ್ಲಿಗೆ ಪೆಟ್ಟಾಗಬಹುದು, ದನಿ ಕೆಲವು ದಿನ ಒಡೆದಿರಬಹುದು. ಲೆಕ್ಕ ಬರೆಯುವವನಿಗೆ ಇದು ಸಣ್ಣ ಮಾತು, ಯಕ್ಷಗಾನದ ಭಾಗವತರಿಗೆ ಅಲ್ಲ. ಯಾರಿಗೆ ಯಾವುದು ಸಣ್ಣದೆಂದು ಹೇಳಬಲ್ಲವರು ಅವರೇ. ಅವರು ಹೇಳಬೇಕಾದರೆ ಮೊದಲು ಅವರಿಗೆ ಯಾರಾದರೂ ಹೇಳಿರಬೇಕು.

ಅಪರೂಪದ ಅಪಾಯಗಳಲ್ಲಿ ಜನ ಹೆಚ್ಚು ಹೆದರುವುದು ನಡುವೆ ಎಚ್ಚರವಾಗುವುದಕ್ಕೆ. ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರು ಇದನ್ನೇ ಹಿಡಿದು ನಡೆಸಿದ ರಾಷ್ಟ್ರೀಯ ಪರಿಶೀಲನೆಯ ವರದಿ 2014ರಲ್ಲಿ ಬಂತು. ರೋಗಿಗಳೇ ಬಂದು ಹೇಳಿಕೊಂಡ ಪ್ರಸಂಗಗಳನ್ನು ಎಣಿಸಿದಾಗ ಸುಮಾರು 19,000 ಅರಿವಳಿಕೆಗಳಿಗೆ ಒಂದು. ಇಪ್ಪತ್ತು ಸಾವಿರ ಜನರಿರುವ ಒಂದು ಸಣ್ಣ ಪಟ್ಟಣದಲ್ಲಿ ಒಬ್ಬರು ಎಂದುಕೊಳ್ಳಿ. ಆಪರೇಷನ್ನಿನ ನಂತರ ರೋಗಿಗಳನ್ನು ನೇರವಾಗಿ ಪ್ರಶ್ನಿಸಿದ ಅಧ್ಯಯನಗಳಲ್ಲಿ ಮಾತ್ರ ಸಾವಿರಕ್ಕೆ ಒಂದೆರಡು. ಕೇಳದಿದ್ದರೆ ಜನ ಹೇಳುವುದಿಲ್ಲ ಎಂಬುದಕ್ಕೆ ಈ ಅಂತರವೇ ಸಾಕ್ಷಿಯಾದೀತು. ಆ ವರದಿಯಲ್ಲಿ ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು ಅಂಕಿಯಲ್ಲ. ಎಚ್ಚರವಾದವರನ್ನು ಬಹುಕಾಲ ಕಾಡಿದ್ದು ನೋವಿಗಿಂತ ಹೆಚ್ಚಾಗಿ ಕೈಕಾಲು ಅಲುಗಾಡದ ಸ್ಥಿತಿ. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಿರುವುದರಿಂದ ಕಣ್ಣು ತೆರೆಯಲಾಗದು, ಕೂಗಲಾಗದು. ಹಾಗಾಗುವುದು ಔಷಧದಿಂದ ಎಂದು ಗೊತ್ತಿಲ್ಲದವರು ತಾವು ಸತ್ತೇಹೋದೆವು, ಅಥವಾ ಶಾಶ್ವತವಾಗಿ ಲಕ್ವ ಹೊಡೆಯಿತು ಎಂದುಕೊಳ್ಳಬಹುದು. ಆ ಹೊತ್ತಿನಲ್ಲಿ ಏನಾಗುತ್ತಿದೆ ಎಂಬುದು ಅರ್ಥವಾದವರಿಗೆ ಮುಂದಿನ ಮಾನಸಿಕ ಹಾನಿ ಕಡಿಮೆಯಿರುವಂತೆ ಆ ವರದಿಗೆ ಕಂಡಿತು. ಅಂದರೆ ಮೊದಲೇ ಹೇಳಿದ ಮಾತು ಅಪಾಯವನ್ನು ತಡೆಯಲಾರದಿದ್ದರೂ ಅಪಾಯದ ಒಳಗೂ ರೋಗಿಯ ಜೊತೆಗಿರುತ್ತದೆ.

ಹಳೆಯ ವೈದ್ಯರು ಇಂಥದ್ದನ್ನೆಲ್ಲ ರೋಗಿಗೆ ಹೇಳುತ್ತಿರಲಿಲ್ಲ, ಮುಚ್ಚಿಡುವುದೇ ನಮ್ಮ ಪರಂಪರೆ ಎನ್ನುವವರಿದ್ದಾರೆ. ಅವರಿಗೆ ಆಧಾರವೂ ಉಂಟು. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ವೈದ್ಯನಿಗೆ ಸಾವಿನ ಲಕ್ಷಣಗಳು ಕಂಡರೂ ಯಾರೂ ಕೇಳದೆ ಅದನ್ನು ಹೇಳಬಾರದು, ಕೇಳಿದರೂ ಹೇಳುವುದರಿಂದ ರೋಗಿಗೋ ಬೇರೆಯವರಿಗೋ ಆಘಾತವಾಗುವಂತಿದ್ದರೆ ಹೇಳಬಾರದು ಎಂದಿದೆ. ಆದರೆ ಅದೇ ಗ್ರಂಥದ ಚಿಕಿತ್ಸಾಸ್ಥಾನಕ್ಕೆ ಬನ್ನಿ. ಉದರರೋಗ ಕೈಮೀರಿದಾಗ ಹಾವಿನ ವಿಷ ಕೊಡುವಂಥ ಭಯಂಕರ ಚಿಕಿತ್ಸೆಗೆ ಮುಂಚೆ ವೈದ್ಯ ರೋಗಿಯ ಬಂಧುಗಳು, ಸ್ನೇಹಿತರು, ಹೆಂಡತಿ, ಗುರುಗಳು, ಅರಸ ಎಲ್ಲರಿಗೂ ತಿಳಿಸಿ, ಚಿಕಿತ್ಸೆ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಫಲ ಸಂದೇಹ ಎಂದು ಹೇಳಿ, ಅವರ ಅನುಮತಿ ಪಡೆದೇ ಮುಂದುವರಿಯಬೇಕು. ಸುಶ್ರುತ ಸಂಹಿತೆಯೂ ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಕರ್ಮದ ಮುಂಚೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಇವು ಒಂದಕ್ಕೊಂದು ವಿರುದ್ಧವಲ್ಲವೆ? ನನಗೆ ಹಾಗೆ ತೋರುವುದಿಲ್ಲ. ಮೊದಲನೆಯದು ವಿಧಿ ತರುತ್ತಿರುವ ಸಾವಿನ ಸುದ್ದಿ, ವೈದ್ಯ ಅದರ ನೋಡುಗ ಮಾತ್ರ, ಹೇಳಿದರೂ ಮಾಡುವಂಥದ್ದೇನೂ ಇಲ್ಲ. ಎರಡನೆಯದರಲ್ಲಿ ಅಪಾಯ ಬರುವುದು ವೈದ್ಯನ ಕೈಯಿಂದಲೇ. ನೋಡುಗನಿಗೆ ಮೌನ ಸಲ್ಲಬಹುದು, ಮಾಡುಗನಿಗೆ ಸಲ್ಲದು. ಅರಿವಳಿಕೆ ಸಂಪೂರ್ಣವಾಗಿ ಎರಡನೆಯ ಬಗೆಯದು. ಆ ಪಟ್ಟಿಯಲ್ಲಿ ಅರಸ, ಗುರು ಎಲ್ಲರಿದ್ದೂ ರೋಗಿಯ ಹೆಸರು ಎದ್ದು ಕಾಣುವುದಿಲ್ಲ ಎಂಬ ಕೊರತೆಯನ್ನು ಒಪ್ಪಿಕೊಳ್ಳಬೇಕು. ಅದನ್ನು ಸೇರಿಸುವುದು ನಮ್ಮ ಕಾಲದ ಕೆಲಸ, ಪರಂಪರೆಯ ಒಡಕಲ್ಲ.

ಭಯದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೆದರಿಕೆ ಮೈಗೂ ತಟ್ಟುತ್ತದೆ ಎಂಬುದಕ್ಕೆ ಪುರಾವೆಯಿದೆ. ಬಾಸ್ಟನ್ನಿನಲ್ಲಿ ಹೆರಿಗೆಗೆ ಬಂದ 140 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನಿಗೆ ಸೂಜಿ ಚುಚ್ಚುವ ಮುಂಚೆ ‘ದೊಡ್ಡ ಜೇನು ಕಚ್ಚಿದ ಹಾಗಾಗುತ್ತದೆ’ ಎನಿಸಿಕೊಂಡವರಿಗೆ, ‘ಜಾಗ ಮರಗಟ್ಟುತ್ತದೆ, ಆರಾಮವಾಗಿರುತ್ತೀರಿ’ ಎನಿಸಿಕೊಂಡವರಿಗಿಂತ ಹೆಚ್ಚು ನೋವಾಯಿತು. ಸೂಜಿ ಒಂದೇ, ಔಷಧ ಒಂದೇ. ಆದರೆ ಇದರಿಂದ ಹೇಳಬಾರದು ಎಂದಾಗುವುದಿಲ್ಲ, ಹೀಗೆ ಹೇಳಬಾರದು ಎಂದಾಗುತ್ತದೆ. ಹೇಳುವುದರಿಂದ ಒಳ್ಳೆಯದಾಗುತ್ತದೆ ಎಂಬುದಕ್ಕೂ ಪುರಾವೆಯಿದೆ, ಅದು ಬಂದದ್ದು ಮಾರ್ಟನ್ ಈಥರ್ ಕೊಟ್ಟ ಆಸ್ಪತ್ರೆಯಿಂದಲೇ. 1964ರಲ್ಲಿ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ಜನರಲ್ಲಿ ಒಂದು ಗುಂಪಿಗೆ ಅರಿವಳಿಕೆ ತಜ್ಞರೇ ಹೋಗಿ, ಆಮೇಲೆ ಎಲ್ಲಿ ಎಷ್ಟು ನೋವಾಗುತ್ತದೆ, ಆಗ ಮೈ ಹೇಗೆ ಸಡಿಲ ಬಿಡಬೇಕು ಎಂದು ವಿವರಿಸಿದರು. ಅವರಿಗೆ ಬೇಕಾದ ನೋವುನಿವಾರಕ ಉಳಿದವರಿಗೆ ಬೇಕಾದದ್ದರ ಅರ್ಧದಷ್ಟು. ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ನೋವಿದೆ ಎಂದು ಕೇಳಿಸಿಕೊಂಡವರಿಗೆ ನೋವು ಕಡಿಮೆಯಾಯಿತು. ಇನ್ನು ಮೌನ ಹೆದರಿಕೆಯನ್ನು ತಡೆಯುತ್ತದೆ ಎಂಬುದು ನಮ್ಮೂರಿನ ಬಾಣಂತಿಯರ ಮಾತು ಕೇಳದವರ ನಂಬಿಕೆ. ‘ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಆವತ್ತಿಂದ ಸೊಂಟ ಹೋಯ್ತು’ ಎನ್ನುವವರು ಯಾವ ಬೀದಿಯಲ್ಲಿಲ್ಲ? ಹೆರಿಗೆಯ ನೋವಿಗೆ ಬೆನ್ನಿನ ಅರಿವಳಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿಗೂ ಆ ಇಂಜೆಕ್ಷನ್ನಿಗೂ ನಂಟು ಕಂಡಿಲ್ಲ. ಬರುವ ಸಾಧ್ಯತೆಯಿರುವುದು ಬೇರೆಯದು: ಕೆಲವರಿಗೆ ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ಇಳಿಯುವ ತಲೆನೋವು. ನಿಜವಾದ ಅಪಾಯವನ್ನು ಹೇಳದೆ ಬಿಟ್ಟ ಜಾಗದಲ್ಲಿ ಇಲ್ಲದ ಅಪಾಯ ಬಂದು ಕೂತಿದೆ.

ಇನ್ನು ನಂಬಿಕೆಯ ಆಕ್ಷೇಪ. ‘ನೀವೇ ದೇವರು ಡಾಕ್ಟ್ರೇ, ನಮಗೇನು ಗೊತ್ತಾಗುತ್ತೆ, ಏನು ಮಾಡಿದ್ರೂ ಸರಿ’ ಎನ್ನುವ ರೋಗಿಗೆ ಅಪಾಯಗಳನ್ನು ಓದಿ ಹೇಳುವುದು ಅವನ ಶರಣಾಗತಿಯನ್ನು ಅವಮಾನಿಸಿದಂತೆ, ಪಶ್ಚಿಮದ ವ್ಯಕ್ತಿವಾದವನ್ನು ನಮ್ಮ ಭಕ್ತಿಯ ಮೇಲೆ ಹೇರಿದಂತೆ ಎಂಬ ವಾದ. ನಾನು ಇದನ್ನು ಗೌರವದಿಂದಲೇ ನೋಡುತ್ತೇನೆ. ಆದರೆ ಶರಣಾಗತಿಯ ಅತಿ ದೊಡ್ಡ ಮಾತು ಎಲ್ಲಿ ಬರುತ್ತದೆ ಎಂದೂ ನೋಡಬೇಕು. ಎಲ್ಲವನ್ನೂ ಬಿಟ್ಟು ನನ್ನೊಬ್ಬನನ್ನೇ ಶರಣು ಹೋಗು ಎಂಬ, ಶ್ರೀವೈಷ್ಣವರು ಚರಮಶ್ಲೋಕವೆಂದು ಕರೆಯುವ ಮಾತು ಗೀತೆಯ ಕೊನೆಯ ಅಧ್ಯಾಯದ ಅರವತ್ತಾರನೆಯದು. ಅದಕ್ಕೆ ಮೂರು ಶ್ಲೋಕ ಮುಂಚೆ ಕೃಷ್ಣ, ನಿನಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ, ಒಂದನ್ನೂ ಬಿಡದೆ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಅರ್ಜುನನಿಗೆ ಹೇಳಿರುತ್ತಾನೆ. ಅರ್ಜುನ ನಿನ್ನ ಮಾತಿನಂತೆ ನಡೆಯುತ್ತೇನೆ ಎನ್ನುವುದು ಸಂದೇಹ ಕಳೆದ ಮೇಲೆ. ಶರಣಾಗತಿ ಕೇಳುವ ದೇವರೇ ಮೊದಲು ಅಷ್ಟೂ ಅಧ್ಯಾಯ ವಿವರಿಸಿ, ಆಯ್ಕೆಯನ್ನು ಕೈಗೆ ಕೊಟ್ಟು, ಆಮೇಲೆ ಒಪ್ಪಿಸು ಎನ್ನುವಾಗ, ಹದಿನೈದು ನಿಮಿಷ ಸಿಗಲಿಲ್ಲವೆಂದು ವೈದ್ಯರಿಗೆ ಈ ಕ್ರಮದಿಂದ ವಿನಾಯಿತಿ ಕೊಡುವುದು ಹೇಗೆ? ತಿಳಿದುಕೊಳ್ಳಲು ನಿಜವಾಗಿ ಇಷ್ಟವಿಲ್ಲದವರಿರುತ್ತಾರೆ, ಅವರಿಗೆ ಬಲವಂತವಾಗಿ ಅಂಕಿಅಂಶ ತುರುಕುವುದೂ ಹಿಂಸೆಯೇ. ‘ನಿಮಗೆ ಎಷ್ಟು ತಿಳಿಸಲಿ?’ ಎಂದು ಮೊದಲು ಕೇಳಿದಾಗ ‘ಬೇಡ, ನಿಮ್ಮ ಮೇಲೆ ಬಿಟ್ಟಿದ್ದೇನೆ’ ಎಂದರೆ ಅದು ಆಯ್ಕೆ, ಅದನ್ನು ಮನ್ನಿಸಬೇಕು. ಕೇಳದೆಯೇ ಅವರಿಗೆ ಬೇಡವೆಂದು ತೀರ್ಮಾನಿಸಿದರೆ ಅದು ಬೇರೆಯದೇ ಸಂಗತಿ, ಅದಕ್ಕೆ ಭಕ್ತಿಯ ಹೆಸರು ಕೊಡಬಾರದು.

ತಜ್ಞರಿಗೆ ಎಲ್ಲ ಗೊತ್ತಿರುವಾಗ ರೋಗಿ ತಿಳಿದು ಮಾಡುವುದೇನು ಎಂಬ ಪ್ರಶ್ನೆಗೆ ಇತಿಹಾಸ ಸ್ವಲ್ಪ ಒರಟಾಗಿಯೇ ಉತ್ತರಿಸುತ್ತದೆ. ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸುತ್ತದೆಯೆ ಎಂಬ ವಿವಾದ ಬಗೆಹರಿಸಲು ವೈದ್ಯ ಎಡ್ವರ್ಡ್ ಲಾರಿಯ ಮುತುವರ್ಜಿಯಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತದ್ದು ಹೈದರಾಬಾದಿನಲ್ಲಿ, ಖರ್ಚು ನಿಜಾಮರದು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರನ್ನು ಗಮನಿಸುತ್ತಿದ್ದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಸಾರಿದರು. 1911ರಲ್ಲಿ ವೈದ್ಯ ಗುಡ್‌ಮನ್ ಲೆವಿ ಹಗುರವಾದ ಕ್ಲೋರೋಫಾರ್ಮಿನಲ್ಲೂ ಹೃದಯ ಇದ್ದಕ್ಕಿದ್ದಂತೆ ಲಯ ತಪ್ಪಿ ನಿಲ್ಲಬಹುದೆಂದು ತೋರಿಸಿದ. ತಜ್ಞರ ಖಾತ್ರಿ ತಪ್ಪಿತು. ಇನ್ನೊಂದು ಪ್ರಸಂಗದಲ್ಲಿ ರೋಗಿಗೆ ಗೊತ್ತಿದ್ದದ್ದು ತಜ್ಞರಿಗೆ ಗೊತ್ತಿರಲಿಲ್ಲ. ಮೆಲ್ಬರ್ನಿನಲ್ಲಿ ಕಾಲು ಮುರಿದುಕೊಂಡ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಗೆ ಕಾಲಿಗಿಂತ ಅರಿವಳಿಕೆಯ ಚಿಂತೆ ಹೆಚ್ಚಾಗಿತ್ತು. ಅವನ ಹತ್ತು ಮಂದಿ ಬಂಧುಗಳು ಈಥರ್ ಕೊಟ್ಟಾಗ ಸತ್ತಿದ್ದರು. ಅವನಿಗೂ ಮೈ ಕಾವೇರಿತು, ಆದರೆ ಎಚ್ಚರದಿಂದ ನೋಡುತ್ತಿದ್ದುದರಿಂದ ಉಳಿದ. ಮೈಕಲ್ ಡೆನ್‌ಬರೊ ಮತ್ತು ಲೊವೆಲ್ 1960ರಲ್ಲಿ ಬರೆದ ಆ ವರದಿಯಿಂದಲೇ ವಂಶವಾಹಿಯಾಗಿ ಬರುವ ಮಾರಕ ಜ್ವರದ ಪ್ರತಿಕ್ರಿಯೆಯೊಂದು ವೈದ್ಯಲೋಕಕ್ಕೆ ತಿಳಿಯಿತು. ನಮ್ಮಲ್ಲೂ ಇದಕ್ಕೆ ಸಮೀಪದ ಉದಾಹರಣೆಯಿದೆ. ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸಾಮಾನ್ಯವಾಗಿ ಕೆಲವೇ ನಿಮಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಅದನ್ನು ಒಡೆಯುವ ಕಿಣ್ವ ಕಡಿಮೆಯಿರುವವರಲ್ಲಿ ಅದು ಗಂಟೆಗಟ್ಟಲೆ ಇಳಿಯುವುದಿಲ್ಲ, ಅಲ್ಲಿಯವರೆಗೆ ಯಂತ್ರದಿಂದ ಉಸಿರಾಡಿಸಬೇಕು. ದಕ್ಷಿಣ ಭಾರತದ ಆರ್ಯವೈಶ್ಯರಲ್ಲಿ ಈ ಕೊರತೆ ಬೇರೆಯವರಿಗಿಂತ ಹೆಚ್ಚು. ‘ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆದ ಮೇಲೆ ಉಸಿರು ಬೇಗ ಬರಲಿಲ್ಲವಂತೆ’ ಎಂಬ ಮನೆಯ ಮಾತನ್ನು ರೋಗಿ ವೈದ್ಯರಿಗೆ ಹೇಳಬೇಕಾದರೆ ಅದಕ್ಕೆ ಬೆಲೆಯಿದೆಯೆಂದು ಅವನಿಗೆ ಗೊತ್ತಿರಬೇಕು. ಅಪಾಯ ತಿಳಿಸುವುದು ಎರಡೂ ಕಡೆಯಿಂದ ನಡೆಯುವ ಕೆಲಸ. ಉಪವಾಸದ್ದೂ ಅದೇ ಕಥೆ. ಹಸಿದ ಮೈ ಚಾಕುವನ್ನು ಹೇಗೆ ತಾಳೀತು ಎಂದು ಬೆಳಿಗ್ಗೆ ಒಂದು ಲೋಟ ಹಾಲು ಹಾಕಿದ ಕಾಫಿ ಕೊಡುವ ಅಜ್ಜಿ ದಡ್ಡಿಯಲ್ಲ. ಶಸ್ತ್ರಕ್ಕೆ ಮುಂಚೆ ರೋಗಿಗೆ ಊಟ ಹಾಕಬೇಕು, ನೋವು ತಾಳದವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಎಂದು ಸುಶ್ರುತ ಸಂಹಿತೆಯೂ ಹೇಳಿದೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಹಾಲು, ಊಟಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಎಂದು ಕಾರಣ ಹೇಳಿದರೆ ಅಜ್ಜಿಯೇ ಕಾವಲು ನಿಲ್ಲುತ್ತಾಳೆ. ‘ಏನೂ ಕೊಡಬೇಡಿ’ ಎಂದು ಗದರಿದರೆ ಕಾಫಿ ಸೆರಗಿನ ಮರೆಯಲ್ಲಿ ಬರುತ್ತದೆ.

ಓದು ಬಾರದವರಿಗೆ ಇದೆಲ್ಲ ಅರ್ಥವಾಗದು ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಎಂ.ಎ. ಓದಿದವರಿಗೂ ಅರ್ಥವಾಗುವುದಿಲ್ಲ. ರೋಗಿಯ ಆಡುಮಾತಿನಲ್ಲೇ ಹೇಳಿ, ‘ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ’ ಎಂದರೆ ಅರ್ಥವಾಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸಮಯವಿಲ್ಲ ಎಂಬುದು ಇದಕ್ಕಿಂತ ನಿಜವಾದ ಕಷ್ಟ. ದಿನಕ್ಕೆ ಹತ್ತಾರು ಆಪರೇಷನ್ ನಡೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ರೋಗಿಯ ಮುಖ ನೋಡುವುದೇ ಥಿಯೇಟರಿನ ಬಾಗಿಲಲ್ಲಿ. ಅಲ್ಲಿ ಹಸಿರು ಬಟ್ಟೆ ತೊಡಿಸಿ ಮಲಗಿಸಿದ ಮೇಲೆ ಹೇಳುವ ಯಾವ ಅಪಾಯವೂ ತಿಳಿವಳಿಕೆಯಾಗದು, ಎದ್ದು ಹೋಗುವ ಸ್ವಾತಂತ್ರ್ಯ ಆಗ ಹೆಸರಿಗೆ ಮಾತ್ರ. ಇದಕ್ಕೆ ವೈದ್ಯರನ್ನು ಬೈದು ಫಲವಿಲ್ಲ. ‘ಫಿಟ್‌ನೆಸ್’ ಕೊಡುವ ದಿನವನ್ನು ರಕ್ತಪರೀಕ್ಷೆಯ ಚೀಟಿ ನೋಡುವ ದಿನವಾಗಿ ಅಲ್ಲದೆ ಮಾತಾಡುವ ದಿನವಾಗಿ ಏರ್ಪಡಿಸುವ ಹೊಣೆ ಆಸ್ಪತ್ರೆ ನಡೆಸುವವರದು.

ಆದರೂ ಒಂದು ಕಡೆ ನನ್ನ ವಾದ ಇಕ್ಕಟ್ಟಿಗೆ ಸಿಕ್ಕುತ್ತದೆ. ಬ್ರಿಟನ್ನಿನ ಅದೇ ಪರಿಶೀಲನೆಯಲ್ಲಿ ಪೂರ್ಣ ಅರಿವಳಿಕೆಯಲ್ಲಿ ನಡೆದ ಸಿಸೇರಿಯನ್‌ಗಳಲ್ಲಿ ನಡುವೆ ಎಚ್ಚರವಾದ ಪ್ರಮಾಣ ಸುಮಾರು 670ಕ್ಕೆ ಒಂದು. ಬಹುಪಾಲು ಸಿಸೇರಿಯನ್‌ಗಳು ಬೆನ್ನಿನ ಇಂಜೆಕ್ಷನ್ನಿನಲ್ಲೇ ಆಗುತ್ತವೆ. ಪೂರ್ಣ ಅರಿವಳಿಕೆಗೆ ಹೋಗುವುದು ಹೆಚ್ಚಾಗಿ ಮಗುವಿನ ಎದೆಬಡಿತ ಕುಸಿಯುತ್ತಿರುವಾಗ, ತಾಯಿಗೆ ರಕ್ತ ಹೋಗುತ್ತಿರುವಾಗ. ಅಪಾಯ ಹೆಚ್ಚಿರುವಲ್ಲಿಯೇ ಹೇಳಲು ಎರಡು ನಿಮಿಷವೂ ಇರುವುದಿಲ್ಲ. ಆ ಹೊತ್ತಿನಲ್ಲಿ ವೈದ್ಯರು ಕೆಲಸ ಮಾಡಬೇಕೇ ಹೊರತು ಪಟ್ಟಿ ಓದುತ್ತಾ ನಿಲ್ಲಬಾರದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹೆಂಗಸು ಆಸ್ಪತ್ರೆಗೆ ಬಂದದ್ದು ಆ ರಾತ್ರಿ ಮೊದಲ ಸಲವೇನೂ ಅಲ್ಲ. ತಾಯಿ ಕಾರ್ಡ್ ಹಿಡಿದು ತಿಂಗಳು ತಿಂಗಳು ತಪಾಸಣೆಗೆ ಬಂದಿದ್ದಾಳೆ, ತೂಕ, ಬಿ.ಪಿ., ರಕ್ತ ಎಲ್ಲ ನೋಡಿಸಿಕೊಂಡು ಹೋಗಿದ್ದಾಳೆ. ಅವಸರದ ಆಪರೇಷನ್ ಬೇಕಾಗಬಹುದು, ಬೆನ್ನಿಗೆ ಕೊಡಲು ಹೊತ್ತಿಲ್ಲದಿದ್ದರೆ ಪೂರ್ತಿ ಮತ್ತು ಕೊಡಬೇಕಾಗುತ್ತದೆ, ಅದರಲ್ಲಿ ಅಪರೂಪಕ್ಕೆ ದನಿಗಳು ಕೇಳಿಸಬಹುದು, ಕೈಕಾಲು ಆಡದಿರಬಹುದು, ಅದು ಔಷಧದ್ದು, ಇಳಿಯುತ್ತದೆ ಎಂಬಷ್ಟು ಮಾತನ್ನು ಏಳನೆಯ ತಿಂಗಳಲ್ಲಿ ಹೇಳಬಹುದು. ಆಗ ಅವಳು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರಿಸಲು ಇನ್ನೂ ಎರಡು ತಿಂಗಳು ಇರುತ್ತದೆ.